ಬಸ್ಸಿನಲ್ಲಿ ಪಾಸಾದ ಬೇಸ್

ಮೊನ್ನೆ ಮೂಡುಬಿದಿರೆಯ ಕಾಲೇಜೊಂದರ ವೇದಿಕೆಯ ಹಿಂದೆ ನಮ್ಮ ಸರದಿಗೆ ಕಾಯುತ್ತಿದ್ದಾಗ, ಕಾದ ಆಂಪ್ಲಿಫೈಯರಿನ ಮೇಲೆ ಧೂಳು ಸುಡುವ ವಾಸನೆ ಬಂತು. ಅಷ್ಟೇ ಸಾಕಾಯಿತು. ಬಿ.ಸಿ.ರೋಡಿನ ಆ ಇಕ್ಕಟ್ಟು ಅಂಗಡಿ, ಛಾವಣಿ ಮುಟ್ಟುವಂತೆ ಪೇರಿಸಿದ ಸ್ಪೀಕರ್ ಪೆಟ್ಟಿಗೆಗಳು, ಅವುಗಳ ನಡುವೆ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕುಳಿತ ಸೌಂಡ್ಸಿನಣ್ಣ...

ಮದುವೆಗೂ ಯಕ್ಷಗಾನಕ್ಕೂ ಮೈಕ್ ಸೆಟ್ ಬಾಡಿಗೆಗೆ ಕೊಡುವುದು ಅವರ ಉದ್ಯೋಗ. ಅದಕ್ಕೆ ಮೊದಲು ದುಬೈಯಲ್ಲಿ ವೇದಿಕೆಗಳಿಗೆ ಕೇಬಲ್ ಎಳೆಯುತ್ತಿದ್ದರು. ಅಲ್ಲಿಗೊಮ್ಮೆ ಬ್ರಿಟನ್ನಿನಿಂದ ಡ್ರಮ್ ಆ್ಯಂಡ್ ಬೇಸ್ ಸಂಗೀತ ಮಾಡುವ ಮೂವರ ತಂಡ ಬಂದಿತ್ತಂತೆ. ಹುಲಿವೇಷದ ತಾಸೆಯ ಹಾಗೆ ಓಡುವ ಡ್ರಮ್ಮು, ಅದರಡಿಯಲ್ಲಿ ಯಾವ ಅವಸರವೂ ಇಲ್ಲದೆ ಉರುಳುವ ದಪ್ಪ ಸ್ವರ, ಅದೇ ಬೇಸ್. ಅಣ್ಣ ಕೈಯಲ್ಲಿದ್ದ ಕೇಬಲ್ ಮರೆತು ನಿಂತುಬಿಟ್ಟರು. ಊರಿಗೆ ಮರಳಿದ ಮೇಲೂ ಆ ತಂಡದ ಬೆನ್ನು ಬಿಡಲಿಲ್ಲ.

ಆ ಮೂವರ ಕಥೆಯನ್ನು ಅವರು ಸ್ವಂತ ದಾಯಾದಿಗಳ ಕಥೆಯಂತೆ ಹೇಳುತ್ತಿದ್ದರು. ಮಲಗುವ ಕೋಣೆಯಲ್ಲಿ ಎರವಲು ಸಾಮಾನು ಇಟ್ಟುಕೊಂಡು ಶುರು ಮಾಡಿದ್ದು, ಮೊದಲ ರೆಕಾರ್ಡುಗಳನ್ನು ಯಾರೂ ಮೂಸಿಯೂ ನೋಡದ್ದು, ಬೇರೆಯವರ ಹಾಡುಗಳನ್ನು ಹೊಸದಾಗಿ ಕಟ್ಟಿಕೊಟ್ಟು ಹೆಸರು ಮಾಡಿದ್ದು, ನಡುವೆ ಜಗಳವಾಡಿ ಬೇರೆಯಾಗಿ ಮತ್ತೆ ಒಂದಾದದ್ದು. ನನಗೂ ಮುಂಡಾಜೆಯ ನನ್ನ ಗೆಳತಿಗೂ ಅದೆಲ್ಲ ಬಾಯಿಪಾಠವಾಗಿತ್ತು. ಕಾಲೇಜಿನ ಕಾರ್ಯಕ್ರಮಕ್ಕೆ ಸ್ಪೀಕರ್ ಕೇಳಲು ಹೋದ ನಾವಿಬ್ಬರು, ಲ್ಯಾಪ್‌ಟಾಪಿನಲ್ಲಿ ನಾವೇ ಮಾಡಿದ ಒಂದು ತುಣುಕನ್ನು ಅಲ್ಲಿ ಪರೀಕ್ಷೆಗೆಂದು ಹಾಕಿದ್ದೇ ನೆಪವಾಗಿ, ಅಣ್ಣನೂ ಸೇರಿ ಮೂವರ ತಂಡವಾಗಿದ್ದೆವು. ಗೆಳತಿಗೆ ತುಳು ಬಾರದ ಕಾರಣ ನಮ್ಮ ಚರ್ಚೆ, ಬೈಗುಳ ಎಲ್ಲವೂ ಕನ್ನಡದಲ್ಲೇ.

“ಪೆಟ್ಟಿಗೆ ಹೊರುವವ ಅಂತ ಮಾತ್ರ ಹೇಳಿಸಿಕೊಂಡು ಸಾಯ್ಲಿಕ್ಕೆ ನಂಗೆ ಮನಸ್ಸಿಲ್ಲ. ನಮ್ಮದು ಅಂತ ಒಂದು ಪದ್ಯ ಸರಿಯಾಗಿ ಹೊರಗೆ ಬರ್ಬೇಕು,” ಎಂದು ಅಣ್ಣ ಮೊದಲ ದಿನವೇ ಹೇಳಿದ್ದರು. ಹಾಡಾಗಲಿ ವಾದ್ಯವಾಗಲಿ, ಅವರಿಗೆ ಎಲ್ಲವೂ ಪದ್ಯವೇ.

ಪರೀಕ್ಷೆಗೆ ಅವರದೇ ಒಂದು ಕ್ರಮವಿತ್ತು. ಅವರ ಭಾವ ಬಿ.ಸಿ.ರೋಡಿನಿಂದ ಗುರುವಾಯನಕೆರೆಗೆ ಓಡುವ ಖಾಸಗಿ ಬಸ್ಸಿನ ಚಾಲಕ. ಹೊಸದು ಏನೇ ಮಾಡಿದರೂ ಅದು ಮೊದಲು ಆ ಬಸ್ಸಿನ ಸ್ಪೀಕರಿನಲ್ಲಿ ಹಾಡಬೇಕು. ಅಣ್ಣ ಎಂಜಿನ್ ಪಕ್ಕದ ಸೀಟಿನಲ್ಲಿ, ನಾವು ಹಿಂದಿನ ಸಾಲಿನಲ್ಲಿ. ಬೇಸ್ ಹೆಚ್ಚಾಯಿತು ಎಂದು ಅವರು ಕೈಸನ್ನೆ ಮಾಡಿದರೆ ಮರುದಿನ ಅಷ್ಟು ಇಳಿಸುತ್ತಿದ್ದೆವು. ಒಮ್ಮೆ ಮೀನಿನ ಬುಟ್ಟಿ ಹಿಡಿದಿದ್ದ ಹೆಂಗಸೊಬ್ಬರು, “ಇದೆಂತ, ಪದ್ಯವಾ ಗಾಡಿಯ ಶಬ್ದವಾ?” ಎಂದು ಕೇಳಿದರು. ಅಣ್ಣನಿಗೆ ಅದು ಹೊಗಳಿಕೆಯಾಗಿ ಕೇಳಿಸಿತು.

ಹೀಗೆ ಬಸ್ಸಿನಲ್ಲಿ ಪಾಸಾದ ನಾಲ್ಕಾರು ಪದ್ಯಗಳನ್ನು ಹಿಡಿದುಕೊಂಡು ಇದೇ ಮೂಡುಬಿದಿರೆಯ ವೇದಿಕೆ ಹತ್ತಿದೆವು. ಮಾನ ಹೋಯಿತು. ಡ್ರಮ್ ಮಾತ್ರ ಅರಳು ಹುರಿದ ಹಾಗೆ ಚಟಪಟ ಎನ್ನುತ್ತಿತ್ತು, ಬೇಸ್ ಪತ್ತೆಯೇ ಇರಲಿಲ್ಲ. ಎದುರು ಕುಳಿತಿದ್ದವರು ಎದ್ದು ಕ್ಯಾಂಟೀನಿಗೆ ಹೋದರು.

ಮರುದಿನ ಬೆಳಿಗ್ಗೆ ಅಣ್ಣ ನಮ್ಮನ್ನು ನಿಂತಿದ್ದ ಬಸ್ಸಿಗೆ ಹತ್ತಿಸಿ ಅದೇ ಪದ್ಯ ಹಾಕಿದರು. ಬೇಸ್ ಇಲ್ಲ. ಭಾವನಿಗೆ ಎಂಜಿನ್ ಚಾಲೂ ಮಾಡಲು ಹೇಳಿದರು. ಗುರ್ರ್ ಎಂದು ಬಂತು ನೋಡಿ, ನಾವು ಇಷ್ಟು ದಿನ ಮೆಚ್ಚಿಕೊಂಡಿದ್ದ ಬೇಸ್! ನನಗೆ ನಗು ತಡೆಯಲಾಗಲಿಲ್ಲ, ಗೆಳತಿ ಅಳುತ್ತಿದ್ದಳು.

“ನನ್ನಿಂದ ಇನ್ನು ಆಗುದಿಲ್ಲ ಅಣ್ಣ,” ಎಂದಳು.

“ಎಂತ ಆಗುದಿಲ್ಲ ಮಾರಾಯ್ತಿ? ತಪ್ಪು ಎಲ್ಲಿ ಅಂತ ಸಿಕ್ಕಿತಲ್ಲ. ಎಲ್ಲ ತೆಗೆಯುವ, ಪುನಃ ಮಾಡುವ.”

ಮಾಡಿದೆವು. ಮದುವೆಯ ಸೀಸನ್ನಿನಲ್ಲೂ ಅವರು ಸಂಜೆಗಳನ್ನು ನಮಗಾಗಿ ಬಿಡುವು ಮಾಡಿಕೊಂಡರು. ಬೇಸನ್ನು ಒಂದೊಂದು ಸ್ವರವಾಗಿ ಮತ್ತೆ ಕಟ್ಟಿದೆವು. ನಮಗೆ ಸಾಕೆನಿಸಿದಾಗಲೆಲ್ಲ ಅವರು ತಲೆಯಾಡಿಸಿ, “ಸಾಲದು. ಇನ್ನೊಮ್ಮೆ,” ಎನ್ನುತ್ತಿದ್ದರು. ಎಷ್ಟೋ ಸಲ ನಾನು ಮನಸ್ಸಿನಲ್ಲೇ ಶಪಿಸಿದ್ದುಂಟು. ಕಾಯಿಲೆ ಹಿಡಿದು ಆಸ್ಪತ್ರೆ ಸೇರಿದಾಗಲೂ ಹೆಡ್‌ಫೋನ್ ತರಿಸಿಕೊಂಡರು. ಕೊನೆಯ ಪದ್ಯವನ್ನು ಅರ್ಧ ಕೇಳಿ, ಬೇಸ್ ಇನ್ನೂ ಮೇಲೆ ಎಂಬಂತೆ ಕೈಸನ್ನೆ ಮಾಡಿದರು. ನಾವು ಅದನ್ನು ತಿದ್ದಿ ತರುವಷ್ಟರಲ್ಲಿ... ಕೇಳಲು ಅವರು ಇರಲಿಲ್ಲ.

ಮೊನ್ನೆ ಅದನ್ನೇ ನುಡಿಸಿದೆವು. ಡ್ರಮ್ ಓಡತೊಡಗಿ, ಬೇಸ್ ಕೆಳಗಿನಿಂದ ಎದ್ದು ಬಂದಾಗ ಕಾಲಡಿಯ ಹಲಗೆ ನಡುಗಿತು. ಮಕ್ಕಳು ಕುರ್ಚಿ ಬದಿಗೆ ತಳ್ಳಿ ಕುಣಿದರು. ಇಳಿದು ಬಂದಾಗ ಕೈ ಕುಲುಕಿದವರೆಷ್ಟೋ ಮಂದಿ. ಸೂಪರ್ ಆಗಿತ್ತು ಎಂದರು, ಭರ್ಜರಿ ಎಂದರು. ಅಂಥ ಮಾತಿಗಾಗಿ ಎಷ್ಟು ವರ್ಷ ಹಂಬಲಿಸಿದ್ದೆ! ಆದರೆ ಅಷ್ಟು ಜನರ ನಡುವೆ ಸಾಲದು ಎನ್ನುವವರು ಒಬ್ಬರೂ ಇರಲಿಲ್ಲ. ಅಣ್ಣ ಹೋಗಿದ್ದಾರೆ ಎಂಬುದು ಆಗ ನನಗೆ ಪೂರ್ತಿಯಾಗಿ ತಿಳಿಯಿತು.

ಗೆಳತಿ ವಯರುಗಳನ್ನು ಸುತ್ತುತ್ತಿದ್ದಳು. ಪದ್ಯದ ನಡುವೆ ಒಂದು ಕಡೆ ಬೇಸ್ ಒಂದಿಷ್ಟು ತಡವಾಗಿ ಬಂದದ್ದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

“ನಾಳೆ ಬೆಳಿಗ್ಗೆ ಬಾ,” ಎಂದೆ. “ಅದನ್ನು ಇನ್ನೊಮ್ಮೆ ಮಾಡುವ.”