ಹಗ್ಗದೊಳಗಿನ ಹದಿನೆಂಟು ಮಂದಿ

೧೯೬೨ರಲ್ಲಿ ನಾನು ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಮಹಿಳಾ ವೆಲ್‌ಫೇರ್ ಅಸಿಸ್ಟೆಂಟ್ ಆಗಿದ್ದೆ. ಬಿ.ಎ. ಮುಗಿಸಿ ಎರಡು ವರ್ಷವಾಗಿತ್ತು. ಹುದ್ದೆಯ ಹೆಸರು ದೊಡ್ಡದು, ಕೆಲಸ ಎರಡೇ. ಹೆಣ್ಣಾಳುಗಳು ಕೂಸುಗಳನ್ನು ಬಿಟ್ಟುಹೋಗುವ ಕ್ರೆಷ್ ನೋಡಿಕೊಳ್ಳುವುದು ಮತ್ತು ರೀಲಿಂಗ್ ಖಾತೆಯ ಹೆಂಗಸರ ಅಹವಾಲುಗಳನ್ನು ಆಫೀಸಿಗೆ ಮುಟ್ಟಿಸುವುದು. ಗಿರಣಿಯಲ್ಲಿ ವಿಭಾಗಕ್ಕೆ ಖಾತೆ ಎನ್ನುತ್ತಿದ್ದರು. ರೀಲಿಂಗ್ ಎಂದರೆ ಕದಿರಿನಿಂದ ಇಳಿದ ನೂಲನ್ನು ತಿರುಗುವ ಚೌಕಟ್ಟಿಗೆ ಸುತ್ತಿ ಲಡಿ ಮಾಡುವ ಕೆಲಸ. ನೂಲು ಹರಿದಾಗ ಎರಡು ಬೆರಳಿನಿಂದ ಕ್ಷಣದಲ್ಲಿ ಗಂಟು ಹಾಕಬೇಕು. ಬೆರಳು ಚುರುಕಿಲ್ಲದವರು ಆ ಖಾತೆಯಲ್ಲಿ ಒಂದು ವಾರವೂ ನಿಲ್ಲುತ್ತಿರಲಿಲ್ಲ.

ಅಲ್ಲಿ ಎಲ್ಲರಿಗಿಂತ ಚುರುಕಾದ ಬೆರಳು ಕೊಟ್ರಮ್ಮನದು. ವಯಸ್ಸು ನಲವತ್ತು ದಾಟಿತ್ತು. ಗಂಡ ತೀರಿಹೋಗಿದ್ದ. ಹರಿಹರದಲ್ಲಿ ಗಂಡನ ಅಣ್ಣನ ಮನೆಯಲ್ಲಿದ್ದಳು. ಮಗ ಅಲ್ಲಿಯೇ ಒಂದು ಕಾರ್ಖಾನೆಯಲ್ಲಿ ದಿನಗೂಲಿ. ಸೊಸೆ ನೀಲಮ್ಮನನ್ನೂ ಕೊಟ್ರಮ್ಮ ತನ್ನ ಖಾತೆಗೇ ಸೇರಿಸಿಕೊಂಡಿದ್ದಳು. ಅತ್ತೆ ಸೊಸೆ ಇಬ್ಬರೂ ಹರಿಹರದ ಇನ್ನುಳಿದ ಹೆಂಗಸರ ಜೊತೆ ದಿನಾ ಬೆಳಗಿನ ರೈಲಿಗೆ ಬಂದು, ಸಂಜೆ ಆರರ ಪ್ಯಾಸೆಂಜರಿಗೆ ಮರಳುತ್ತಿದ್ದರು. ನೀಲಮ್ಮನ ಏಳು ತಿಂಗಳ ಕೂಸು ನನ್ನ ಕ್ರೆಷ್‌ನ ತೊಟ್ಟಿಲಲ್ಲಿ ಬೆಳೆಯುತ್ತಿತ್ತು.

ಆ ವರ್ಷದ ಕೊನೆಯಲ್ಲಿ ಚೀನಾದೊಂದಿಗೆ ಯುದ್ಧ ಬಂತು. ವಾರಕ್ಕೆ ಎರಡು ಮೂರು ಮೆರವಣಿಗೆ. ಪಾಳಿ ಮುಗಿದ ಭೋಂಗಾ ಕೂಗಿದ ಕೂಡಲೇ ಗಂಡಸರು ಗೇಟಿನಿಂದ ನೇರ ಬೀದಿಗಿಳಿದು ಘೋಷಣೆ ಕೂಗುತ್ತಿದ್ದರು. ಹೆಂಗಸರು ಗೋಡೆಯ ಬದಿ ಹಿಡಿದು ಸ್ಟೇಷನ್ನಿಗೋ ಮನೆಗೋ ನಡೆಯುತ್ತಿದ್ದರು. ಕ್ರೆಷ್‌ನ ಕಿಟಕಿಯಿಂದ ದಿನಾ ನೋಡುತ್ತಿದ್ದೆ. ಓದು ಬರಹ ಇಲ್ಲದ್ದಕ್ಕೆ ಇವರಿಗೆ ದೇಶದ ಪರಿವೆ ಇಲ್ಲ ಎಂದುಕೊಂಡಿದ್ದೆ. ಸೈನ್ಯದ ಬಟ್ಟೆಗೆಂದು ಬಂದ ನೂಲನ್ನು ಅವರು ಮೂರು ವಾರಗಳಿಂದ ಊಟದ ಬಿಡುವಿನಲ್ಲೂ ಸುತ್ತುತ್ತಿದ್ದರು. ಅದೂ ಒಂದು ಬಗೆಯ ಪಾಲ್ಗೊಳ್ಳುವಿಕೆ ಎಂದು ನನಗೆ ಹೊಳೆದಿರಲಿಲ್ಲ.

ಒಂದು ಗುರುವಾರ ಮ್ಯಾನೇಜರರು ನನ್ನನ್ನು ಕರೆಸಿದರು. ಶನಿವಾರ ಊರಿನ ಎಲ್ಲ ಗಿರಣಿಗಳ ಕೂಡು ಮೆರವಣಿಗೆ ಇತ್ತು. "ನಮ್ಮಲ್ಲಿ ನೂರಕ್ಕೂ ಹೆಚ್ಚು ಹೆಂಗಸರಿದ್ದಾರೆ. ಇದುವರೆಗೆ ಒಬ್ಬರೂ ಬಂದಿಲ್ಲ. ಯಾಕೆ ಅಂತ ನಿಮಗಾದರೂ ಗೊತ್ತಿರಬೇಕಲ್ಲ?" ಎಂದರು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ, ಕರೆತರುತ್ತೇನೆ ಎಂದುಬಿಟ್ಟೆ.

ಊಟದ ಬಿಡುವಿನಲ್ಲಿ ಖಾತೆಗೆ ಹೋಗಿ ಮಾತು ತೆಗೆದೆ. ಮೊದಲು ನಗು ಎದ್ದಿತು.

"ನಮ್ ಜಾಬರ್ ರುದ್ರಪ್ಪ ದೇಶ ಕಾಯಾಕೆ ಹೊಂಟಾನಲ್ರಿ, ಸಾಕು ಬಿಡ್ರಿ. ಮನ್ಯಾಗೆ ಒಂದ್ ಕೊಡ ನೀರ್ ಎತ್ತು ಅಂದ್ರೆ ಸೊಂಟ ಹಿಡ್ಕಂತಾನಂತೆ!" ಎಂದಳು ಒಬ್ಬಳು. ಜಾಬರ್ ಎಂದರೆ ಖಾತೆಯ ಮೇಸ್ತ್ರಿ. ಬಾಗಿಲ ಬಳಿಯೇ ಇದ್ದ ರುದ್ರಪ್ಪ, "ನಿನ್ ಬಾಯಿಗೆ ಒಂದ್ ಕದಿರು ಸಿಗಸ್ಬೇಕು ನೋಡು," ಎಂದು ತಾನೂ ನಕ್ಕ.

ನಾನು ನಗಲಿಲ್ಲ. "ನಿಮಗೆ ದೇಶ ಬೇಡವೇನು?" ಎಂದು ಕೇಳಿಯೇ ಬಿಟ್ಟೆ.

ಕೊಟ್ರಮ್ಮ ರೊಟ್ಟಿಯ ಗಂಟು ಕಟ್ಟಿಟ್ಟು ಹೇಳಿದಳು: "ಬ್ಯಾಡ ಅಂತ ಯಾರಂದ್ರು ಅಕ್ಕಾರೆ? ಈ ಲಡಿ ಯಾರಿಗೆ ಸುತ್ತಾಕತ್ತೀವಿ ಮತ್ತೆ? ಗಂಡಸ್ರು ಗೇಟ್ ದಾಟಿದ್ರೆ ಊರೆಲ್ಲ ಅವರ್ದೇ. ಎಷ್ಟೊತ್ತಿಗೆ ಹೋದ್ರೂ ರೊಟ್ಟಿ ಮುಚ್ಚಿಟ್ಟಿರ್ತಾರೆ. ನಾನು ಆರರ ಗಾಡಿ ತಪ್ಪಿಸ್ಕಂಡ್ರೆ ಭಾವನ ಮುಂದೆ ಏನಂತ ನಿಲ್ಲಾದು? ನಾಳಿಂದ ನೀಲಿನೂ ಬ್ಯಾಡ, ನೀನೂ ಬ್ಯಾಡ, ಮನ್ಯಾಗಿರ್ರಿ ಅಂದ್ರೆ ಮುಗೀತು. ಬರ್ರಿ ಅಂತ ಕರಿಯೋರು ಭಾಳ ಮಂದಿ ಅದಾರೆ. ವಾಪಸ್ ಮನಿ ಮುಟ್ಸೋರು ಯಾರು, ಅದನ್ನ ಹೇಳ್ರಿ."

ಅದು ಉತ್ತರವಾಗಿತ್ತು. ನಾನು ಅದನ್ನು ಅಹವಾಲು ಎಂದುಕೊಂಡೆ. ಅಹವಾಲಿಗೆ ಪರಿಹಾರ ಹುಡುಕುವುದು ನನ್ನ ಕೆಲಸ. ಆರರ ಗಾಡಿ ಹಿಡಿಸಲು ಗಿರಣಿಯ ಲಾರಿಯನ್ನು ಸರ್ಕಲ್ಲಿನ ಬಳಿ ನಿಲ್ಲಿಸುವಂತೆ ಮ್ಯಾನೇಜರರನ್ನು ಒಪ್ಪಿಸಿದೆ. ನಾನೂ ಅವರ ನಡುವೆಯೇ ನಡೆಯುತ್ತೇನೆ ಎಂದೆ. ಗಂಡಸರ ನೂಕುನುಗ್ಗಲಿಗೆ ಹಗ್ಗದ ಏರ್ಪಾಡು ಮಾಡಿದೆ. ಆಗ ಸಭೆ ಮೆರವಣಿಗೆಗಳಲ್ಲಿ ಹೆಂಗಸರ ಗುಂಪಿನ ಸುತ್ತ ಹಗ್ಗ ಹಿಡಿದು ನಡೆಯುವ ರೂಢಿ ಇತ್ತು. ಸೊಂಟದೆತ್ತರಕ್ಕೆ ಹಗ್ಗ, ಹೊರಗಡೆ ಅದನ್ನು ಹಿಡಿದ ನಂಬಿಗಸ್ತ ಗಂಡಸರು. ಒಳಗೆ ಪರಗಂಡಸು ಬರುವಂತಿಲ್ಲ. ಹೆಂಗಸರನ್ನು ಕಳಿಸುವ ಮನೆಯವರು ಮೊದಲು ಕೇಳುತ್ತಿದ್ದುದೇ ಹಗ್ಗ ಇದೆಯೇ ಎಂದು.

ದಾವಣಗೆರೆಯಲ್ಲೇ ಮನೆ ಇದ್ದ ಹೆಂಗಸರು ಒಬ್ಬರೂ ಒಪ್ಪಲಿಲ್ಲ. ಮೆರವಣಿಗೆ ಹೋಗುವ ಬೀದಿಯಲ್ಲೇ ಅವರ ಭಾವಂದಿರು, ಮೈದುನರು ನಿಂತಿರುತ್ತಿದ್ದರು. ಒಪ್ಪಿದವರು ಹರಿಹರದ ಹದಿನೇಳು ಮಂದಿ. ದಾವಣಗೆರೆಯ ಬೀದಿಯಲ್ಲಿ ಅವರ ಮುಖ ಯಾರಿಗೂ ಗೊತ್ತಿರಲಿಲ್ಲ. ನನ್ನನ್ನೂ ಸೇರಿಸಿದರೆ ಹದಿನೆಂಟು. ಮನೆಯಲ್ಲಿ ಯಾರೂ ಹೇಳುವುದಿಲ್ಲ, ಆರರ ಗಾಡಿಗೆ ಎಂದಿನಂತೆ ಹೋಗುತ್ತಾರೆ ಎಂದು ತೀರ್ಮಾನವಾಯಿತು.

ಶನಿವಾರ ಗೇಟಿನ ಬಳಿ ರುದ್ರಪ್ಪ ಮತ್ತು ಏಳು ಜನ ಗಂಡಸರು ಹತ್ತಿಯ ಅಂಡಿಗೆಗಳನ್ನು, ಅಂದರೆ ದೊಡ್ಡ ಮೂಟೆಗಳನ್ನು, ಬಿಗಿಯುವ ಗಟ್ಟಿ ಹಗ್ಗ ತಂದರು. ತುದಿಗಳನ್ನು ಕೈಯಲ್ಲಿ ಹಿಡಿದರೆ ಸಂದಿನಿಂದ ಯಾರಾದರೂ ನುಗ್ಗಬಹುದು ಎಂದು ಎರಡೂ ತುದಿ ಕೂಡಿಸಿ ಗಂಟು ಹಾಕಲು ನಾನೇ ಹೇಳಿದೆ. ರುದ್ರಪ್ಪ ಅಂಡಿಗೆಗೆ ಹಾಕುವ ಗಂಟನ್ನೇ ಹಾಕಿದ. ಅದು ಎಳೆದಷ್ಟೂ ಬಿಗಿಯುವ ಗಂಟು. ಗಿರಣಿಯಲ್ಲಿ ಅದನ್ನು ಯಾರೂ ಬಿಚ್ಚುತ್ತಿರಲಿಲ್ಲ, ಕುಡಗೋಲಿನಿಂದ ಕೊಯ್ಯುತ್ತಿದ್ದರು.

ಕೊಟ್ರಮ್ಮ ಗಂಟನ್ನು ಮುಟ್ಟಿ ನೋಡಿದಳು. "ಇದನ್ನ ಬಿಚ್ಚಾದು ಹೆಂಗ್ರಿ ಅಕ್ಕಾರೆ?"

"ಬಿಚ್ಚುವ ಪ್ರಸಂಗ ಯಾಕೆ ಬರುತ್ತದೆ? ಸರ್ಕಲ್ಲಿನಲ್ಲಿ ಕೊಯ್ದರಾಯಿತು," ಎಂದೆ.

ಕೂಸನ್ನು ಕ್ರೆಷ್‌ನ ಆಯಾ ಸ್ಟೇಷನ್ನಿಗೆ ಎತ್ತಿಕೊಂಡು ಬರುವುದಾಗಿತ್ತು. ನಾಲ್ಕು ಗಂಟೆಗೆ ಹೊರಟೆವು. ಮೊದಲ ಒಂದು ಗಂಟೆಯನ್ನು ನಾನು ಸುಳ್ಳು ಮಾಡಲಾರೆ. ಅದು ಚೆನ್ನಾಗಿತ್ತು. ಗಿರಣಿಯಲ್ಲಿ ಯಂತ್ರದ ಸದ್ದು ಮೀರಿ ಮಾತಾಡಿ ಪಳಗಿದ ಕೊಟ್ರಮ್ಮ ಮೊದಲ ಘೋಷಣೆ ಕೂಗಿದಾಗ ಮುಂದಿನ ಸಾಲಿನ ಗಂಡಸರು ಹೊರಳಿ ನೋಡಿದರು. ನೀಲಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಅತ್ತಿ, ನಿಮ್ ದನಿ ಹರಿಹರಕ್ಕೆ ಕೇಳಿಸ್ತೈತಿ, ಮೆಲ್ಲಕ!" ಎಂದಳು. "ಕೇಳ್ಲಿ ಬಿಡು. ಯಾರೋ ಗಂಡಸು ಅಂತಾರೆ," ಎಂದಳು ಕೊಟ್ರಮ್ಮ.

ಐದೂವರೆಯ ಸುಮಾರಿಗೆ ಮೆರವಣಿಗೆ ಸರ್ಕಲ್ಲಿಗೆ ಸೇರುವ ಇಕ್ಕಟ್ಟಾದ ಅಂಗಡಿ ಬೀದಿಯಲ್ಲಿ ನಿಂತಿತು. ಮುಂದೆ ಶತ್ರುವಿನ ಪ್ರತಿಕೃತಿ ಸುಡುವ ಕಾರ್ಯಕ್ರಮ. ಆ ಬೊಂಬೆಯನ್ನು ನಮ್ಮ ಗಿರಣಿಯ ಹುಡುಗರೇ ಮಾಡಿದ್ದರು. ಒಳಗೆ ಹುಲ್ಲು ತುಂಬುವ ಬದಲು ಹತ್ತಿಯ ಕಸ ತುಂಬಿ ಸೀಮೆಎಣ್ಣೆ ಸುರಿದಿದ್ದರು. ಹತ್ತಿಯಲ್ಲೇ ಬದುಕಿದ ಊರು, ಉರಿಯುವ ಹತ್ತಿ ಹೇಗೆ ಹಾರುತ್ತದೆ ಎಂದು ಗೊತ್ತಿಲ್ಲದವರು ಯಾರೂ ಇರಲಿಲ್ಲ. ಉತ್ಸಾಹದಲ್ಲಿ ಯಾರಿಗೂ ನೆನಪಾಗಲಿಲ್ಲ. ಬೆಂಕಿ ಹಚ್ಚಿದಾಗ ಬೊಂಬೆಯ ಹೊಟ್ಟೆ ಒಡೆಯಿತು. ಗಾಳಿಗೆ ಉರಿಯುವ ಹತ್ತಿಯ ತುಣುಕುಗಳು ಎದ್ದು ಜನರ ತಲೆಯ ಮೇಲೆ, ಟೋಪಿಗಳ ಮೇಲೆ, ಅಂಗಡಿಗಳ ಚಾಪೆ ಚಪ್ಪರದ ಮೇಲೆ ಇಳಿಯತೊಡಗಿದವು. ಮೇಲೆ ನೋಡುತ್ತ ನಿಂತೆ. ಅದು ಚೆಂದವಾಗಿ ಕಂಡಿತು ಎಂದು ಹೇಳಲು ಈಗಲೂ ಅಂಜಿಕೆಯಾಗುತ್ತದೆ. ಮರುಕ್ಷಣ ಮುಂದಿನ ಗುಂಪು ಇಡಿಯಾಗಿ ಹಿಂದಕ್ಕೆ ತಿರುಗಿತು.

ಗಂಡಸರು ಜಗಲಿ ಹತ್ತಿದರು, ಸಂದಿಗೆ ನುಗ್ಗಿದರು, ಗೋಡೆ ಹಾರಿದರು. ನಾವು ಹಗ್ಗದೊಳಗಿದ್ದೆವು. ಹಿಡಿದಿದ್ದ ಎಂಟು ಮಂದಿಯಲ್ಲಿ ಏಳು ಮಂದಿ ಕೈಬಿಟ್ಟು ಓಡಿದರು. ಅವರನ್ನು ಬೈಯಲಾರೆ, ಎಲ್ಲರೂ ಓಡಿದರು. ರುದ್ರಪ್ಪ ಮಾತ್ರ ಬಿಡಲಿಲ್ಲ. ಯಾಕೆಂದರೆ ನಾನು ಕೂಗುತ್ತಿದ್ದೆ: "ರುದ್ರಪ್ಪಾ, ಹಗ್ಗ ಬಿಡಬೇಡ! ಬಿಡಬೇಡ!"

ಅವನು ದೀಪದ ಕಂಬಕ್ಕೆ ಕಾಲುಕೊಟ್ಟು, ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಹಿಡಿದ. ಓಡುವ ಜನ ಇನ್ನೊಂದು ಕಡೆಯಿಂದ ಮೈಯಿಂದಲೇ ಹಗ್ಗವನ್ನು ಎಳೆದುಕೊಂಡು ಹೋದರು. ದುಂಡಗಿದ್ದ ಹಗ್ಗ ಉದ್ದವಾಗಿ, ನಾವು ಹದಿನೆಂಟು ಜನ ಒಬ್ಬರ ಮೇಲೊಬ್ಬರು ಒಂದು ದರ್ಜಿ ಅಂಗಡಿಯ ಜಗಲಿಗೆ ಒತ್ತಿಕೊಂಡೆವು. ನನ್ನ ಎದೆಗೆ ಯಾರದೋ ಮೊಣಕೈ. ಉಸಿರು ಹೊರಗೆ ಹೋಗುತ್ತಿತ್ತು, ಒಳಗೆ ಬರುತ್ತಿರಲಿಲ್ಲ. ನೀಲಮ್ಮ ನೆಲಕ್ಕೆ ಬಿದ್ದಿದ್ದಳು. ಕೊಟ್ರಮ್ಮ ಬಾಗಿ, ಬಲಗೈಯಿಂದ ಹಗ್ಗವನ್ನು ಎತ್ತಿ ಹಿಡಿದು, ಎಡಗೈಯಿಂದ ಸೊಸೆಯನ್ನು ಅದರಡಿಯಿಂದ ಜಗಲಿಯ ಕೆಳಗಿನ ಪೊಳ್ಳಿಗೆ ತಳ್ಳಿದಳು. ಅಷ್ಟರಲ್ಲಿ ಎಳೆತ ಹೆಚ್ಚಾಯಿತು. ಹಗ್ಗ ಕೊಟ್ರಮ್ಮನ ಬಲಗೈಯನ್ನು ಸುತ್ತಿಕೊಂಡು ಜಗಲಿಯ ಕಲ್ಲಿನ ಅಂಚಿಗೆ ಬಿಗಿಯಿತು.

"ಬಿಡಂತ ಹೇಳ್ರಿ ಅಕ್ಕಾರೆ! ಬಿಡಂತ ಹೇಳ್ರಿ ಅವ್ನಿಗೆ!"

ಆ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಆದರೂ ನನ್ನ ಬಾಯಿಂದ ಇನ್ನೊಮ್ಮೆ ಬಂದದ್ದು "ಬಿಡಬೇಡ" ಎಂಬುದೇ. ಹಗ್ಗ ಬಿಟ್ಟರೆ ಜನ ನಮ್ಮ ಮೇಲೆ ನುಗ್ಗುತ್ತಾರೆ ಎಂದು ನನ್ನ ತಲೆ ಹೇಳುತ್ತಿತ್ತು. ಜನ ಆಗಲೇ ನುಗ್ಗಿಯಾಗಿತ್ತು. ಕೊನೆಗೆ ಅಂಗಡಿಯೊಳಗಿದ್ದ ದರ್ಜಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತಂದು ಹಗ್ಗವನ್ನು ಕೊಯ್ದ. ಹಗ್ಗ ಸಡಿಲಿದಾಗ ರುದ್ರಪ್ಪ ಹಿಂದಕ್ಕೆ ಬಿದ್ದು, ಎದ್ದು ಬಂದು, "ನೀವು ಅಂದ್ರಲ್ರಿ, ಬಿಡಬ್ಯಾಡ ಅಂತ," ಎಂದು ಅಳತೊಡಗಿದ. ಅವನ ಮುಂಗೈಯ ಚರ್ಮ ಸುಲಿದಿತ್ತು.

ಕೊಟ್ರಮ್ಮನ ಬಲಗೈಯ ಮೂರು ಬೆರಳು ನುಜ್ಜಾಗಿದ್ದವು. ಲಾರಿ ನಿಲ್ಲಬೇಕಿದ್ದ ಜಾಗದಲ್ಲಿ ಇರಲಿಲ್ಲ. ಸುಟ್ಟ ಗಾಯವಾದ ಗಂಡಸರನ್ನು ಹೇರಿಕೊಂಡು ಆಸ್ಪತ್ರೆಗೆ ಹೋಗಿತ್ತು. ಟಾಂಗಾ ಹಿಡಿದು ಆಸ್ಪತ್ರೆಗೆ ಹೋಗೋಣ ಎಂದೆ.

ಕೊಟ್ರಮ್ಮ ಸೆರಗು ಹರಿದು ಕೈಗೆ ಸುತ್ತಿಕೊಳ್ಳುತ್ತಿದ್ದಳು. "ಗಾಡಿ ಎಷ್ಟೊತ್ತೈತ್ರಿ?"

"ಗಾಡಿ ಹೋಗಲಿ, ಕೈ ನೋಡು."

"ಕೈ ನಂದು ಒಬ್ಬಾಕಿದು. ಗಾಡಿ ಹದಿನೇಳು ಮಂದೀದು," ಎಂದು ನಡೆಯತೊಡಗಿದಳು.

ಸ್ಟೇಷನ್ನಿಗೆ ಓಡಿದೆವು. ಆಯಾಳ ಕೈಯಿಂದ ನೀಲಮ್ಮ ಕೂಸನ್ನು ಕಿತ್ತುಕೊಂಡಳು. ಗಾಡಿ ಸಿಕ್ಕಿತು. ನಾನೂ ಹತ್ತಿದೆ. ಹರಿಹರದವರೆಗೆ ಅರ್ಧ ಗಂಟೆಯ ದಾರಿಯಲ್ಲಿ ಯಾರೂ ಅಳಲಿಲ್ಲ. ಒಬ್ಬರ ತಲೆಗೂದಲನ್ನು ಒಬ್ಬರು ಸರಿಮಾಡಿದರು, ಹರಿದ ಕುಪ್ಪಸಕ್ಕೆ ಪಿನ್ನು ಹಾಕಿದರು, ಮಸಿ ಒರೆಸಿದರು. ಕೊಟ್ರಮ್ಮ ಕಿಟಕಿಗೆ ಒರಗಿ ಕಣ್ಣು ಮುಚ್ಚಿಕೊಂಡೇ ಹೇಳಿದಳು: "ಗಾಡಿ ಇಳಿಯಾಗ ಜಾರಿ ಬಿದ್ದೆ. ಕೈ ಪ್ಲಾಟ್‌ಫಾರ್ಮಿಗೆ ಸಿಕ್ತು. ಎಲ್ರೂ ಹಂಗೇ ಹೇಳ್ರಿ. ಅಕ್ಕಾರೆ, ನೀವೂ ಹಂಗೇ ಬರೀರಿ."

"ಅದು ಸುಳ್ಳಲ್ಲವೇ?"

"ನಿಜ ಬರದ್ರೆ ಸೋಮವಾರ ಈ ಡಬ್ಬಿ ಖಾಲಿ ಇರತೈತಿ."

ಹರಿಹರದ ಡಾಕ್ಟರು ಆ ರಾತ್ರಿ ಎರಡು ಬೆರಳು ತೆಗೆದರು. ಮೂರನೆಯದು ಸೆಟೆದುಕೊಂಡೇ ಉಳಿಯಿತು. ಒಂದು ಗಂಟೆ ಮುಂಚೆ ತಂದಿದ್ದರೆ ಬಹುಶಃ ಒಂದನ್ನಾದರೂ ಉಳಿಸಬಹುದಿತ್ತು ಎಂದು ನನ್ನೊಬ್ಬಳಿಗೆ ಹೇಳಿದರು. ಭಾವ ಬಂದು, "ನೋಡ್ಕಂಡು ಇಳಿಯಾಕೆ ಬರಲ್ಲೇನು?" ಎಂದು ಗದರಿಸಿ, ಪಕ್ಕದಲ್ಲಿ ಬೆಳಗಿನವರೆಗೆ ಕುಳಿತಿದ್ದರು. ಕೆಟ್ಟ ಮನುಷ್ಯರಲ್ಲ. ಅವರ ಮುಂದೆ ನಾನು ತಲೆಯೆತ್ತಲಿಲ್ಲ.

ಸೋಮವಾರ ಅಪಘಾತದ ರಿಜಿಸ್ಟರ್ ನನ್ನ ಮುಂದೆ ಬಂತು. ಅದರಲ್ಲಿ ಒಂದು ಕಾಲಮ್ಮು, ಪೆಟ್ಟಾದ ಸ್ಥಳ ಮತ್ತು ಕಾರಣ. ನಿಜ ಬರೆದರೆ ಮ್ಯಾನೇಜರರೂ ನಾನೂ ಉತ್ತರ ಹೇಳಬೇಕು. ಅದರ ಜೊತೆಗೆ ಹದಿನೇಳು ಮನೆಗಳಲ್ಲಿ ವಿಚಾರಣೆ ಆಗುತ್ತದೆ. 'ಹರಿಹರ ಸ್ಟೇಷನ್ನಿನಲ್ಲಿ ರೈಲಿನಿಂದ ಇಳಿಯುವಾಗ ಜಾರಿ ಬಿದ್ದು' ಎಂದು ಬರೆದೆ. ಅವರಿಗಾಗಿ ಬರೆದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ನನ್ನ ನೌಕರಿಯೂ ಅದೇ ವಾಕ್ಯದಲ್ಲಿ ಉಳಿಯಿತು ಎಂಬುದನ್ನು ಈಗ ಸೇರಿಸಬೇಕು. ಮ್ಯಾನೇಜರರು ಓದಿ, ಏನೂ ಕೇಳದೆ ಸಹಿ ಹಾಕಿದರು. ಪತ್ರಿಕೆಯಲ್ಲಿ ಗಾಯಗೊಂಡ ಗಂಡಸರ ಸುದ್ದಿ ಬಂತು. ಹೆಂಗಸರ ಪ್ರಸ್ತಾಪವೇ ಇರಲಿಲ್ಲ.

ರೀಲಿಂಗ್ ಮಾಡಲಾಗದ ಕೊಟ್ರಮ್ಮನನ್ನು ಹಟ ಹಿಡಿದು ಕ್ರೆಷ್‌ಗೆ ಆಯಾ ಆಗಿ ತೆಗೆದುಕೊಂಡೆ. ನಾನು ಮಾಡಬಹುದಾಗಿದ್ದು ಅಷ್ಟೇ. ಹನ್ನೊಂದು ವರ್ಷ ಎಡಗೈಯಿಂದ ತೊಟ್ಟಿಲು ತೂಗಿದಳು. ನೀಲಮ್ಮ ಖಾತೆಯಲ್ಲೇ ಉಳಿದಳು. ಅವಳ ಕೂಸು ಶಾಲೆಗೆ ಹೋಯಿತು. ಆ ಸಂಜೆಯ ಬಗ್ಗೆ ಕೊಟ್ರಮ್ಮ ನನ್ನನ್ನು ಒಮ್ಮೆಯೂ ದೂರಲಿಲ್ಲ. ಹೊರಗೆ ಮೆರವಣಿಗೆಯ ಸದ್ದು ಕೇಳಿದಾಗ ಮಾತ್ರ ಎದ್ದು ಕಿಟಕಿ ಮುಚ್ಚುತ್ತಿದ್ದಳು, ಕೂಸುಗಳು ಎಚ್ಚರಾಗುತ್ತವೆ ಎಂದು.

ಹೋದ ವರ್ಷ ಕಾಲೇಜಿನ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. ಆ ಕಾಲದ ಬೀದಿ ಹೋರಾಟಗಳ ಬಗ್ಗೆ ಬರೆಯುತ್ತಾಳಂತೆ. ಹಳೆಯ ಪತ್ರಿಕೆ, ಕಡತ ಎಲ್ಲ ನೋಡಿದಳಂತೆ. "ಗಂಡಸರೇ ತುಂಬಿದ್ದಾರೆ ಮೇಡಂ. ಹೆಂಗಸರು ಯಾಕೆ ಬರುತ್ತಿರಲಿಲ್ಲ?" ಎಂದು ಕೇಳಿದಳು. ಅರವತ್ತೆರಡರಲ್ಲಿ ಮ್ಯಾನೇಜರರು ಕೇಳಿದ ಪ್ರಶ್ನೆಯೇ ಅದು. ಆಗ ನನಗೆ ಉತ್ತರ ಗೊತ್ತಿರಲಿಲ್ಲ. ಆಕೆಗೆ ಈ ಕಥೆಯನ್ನು ಪೂರ್ತಿ ಹೇಳಿದೆ. ಬಂದವರೂ ಇದ್ದರು, ಅವರನ್ನು ಕಡತದಿಂದ ಹೊರಗಿಟ್ಟ ಕೈಗಳಲ್ಲಿ ಒಂದು ನನ್ನದು ಎಂದೂ ಹೇಳಿದೆ.

ನೌಕರಿ ನನಗೆ ಕಲಿಸಿದ ಪಾಠ ದೊಡ್ಡದೇನಲ್ಲ. ಯಾರನ್ನಾದರೂ ಬೀದಿಗೆ ಕರೆಯುವ ಮುಂಚೆ, ಅವರ ಆರರ ಗಾಡಿ ಯಾವುದು ಎಂದು ಕೇಳಬೇಕು. ಆಮೇಲೆ ಮೂವತ್ತು ವರ್ಷ ಎಷ್ಟೋ ಸಭೆಗಳಿಗೆ ಹೆಂಗಸರನ್ನು ಕರೆದೊಯ್ದೆ. ಹಗ್ಗ ತಂದವರನ್ನೆಲ್ಲ ಹಿಂದಕ್ಕೆ ಕಳಿಸಿದೆ. ಆದರೂ ಇಕ್ಕಟ್ಟಾದ ಜಾಗದಲ್ಲಿ ಜನ ಸೇರಿದರೆ ಇವತ್ತಿಗೂ ನನ್ನ ಕೈ ತಾನಾಗಿಯೇ ಸೊಂಟದ ಸುತ್ತ ಗಂಟು ಹುಡುಕುತ್ತದೆ. ಕಿವಿಯಲ್ಲಿ ಕೊಟ್ರಮ್ಮನ ದನಿ. ಪ್ರತಿ ಸಲ ಬಾಯಿ ತೆರೆದು ಹೇಳುತ್ತೇನೆ, ಬಿಡು ರುದ್ರಪ್ಪ, ಬಿಡು ಎಂದು.