ಚಕ್ರ ಇಳಿಯದ ವಿಮಾನಕ್ಕೆ ಸುಮಾ ಯಾಕೆ ಕ್ಷಮೆ ಕೇಳಬೇಕು?

ಸಾರಿ ಕೇಳಿದ್ದಕ್ಕೆ ಸಾರಿ ಕೇಳಬೇಕಾಗಿ ಬಂದವರನ್ನ ನೀವು ನೋಡಿದ್ದೀರಾ? ನಾನು ನೋಡಿದೆ. ನಮ್ಮನೆಯಲ್ಲೇ.

ಹದಿನೈದು ದಿನದ ಹಿಂದಿನ ಮಾತು. ಶುಕ್ರವಾರ ಮಧ್ಯಾಹ್ನ ನನ್ನ ನಾದಿನಿ ಸುಮಾ ಹೊತ್ತಿಗೆ ಮುಂಚೆಯೇ ಆಫೀಸಿನಿಂದ ಬಂದ್ಬಿಟ್ಟಳು. ಗರುಡಾಚಾರ್‌ಪಾಳ್ಯದಿಂದ ಇಂದಿರಾನಗರಕ್ಕೆ ಬಸ್ಸು ಬದಲಾಯಿಸಿ ಬಂದವಳು ನೀರು ಕೂಡ ಕುಡೀಲಿಲ್ಲ. ಕೊರಳಲ್ಲಿದ್ದ ಐಡಿ ಕಾರ್ಡ್ ತೆಗೆದು ಫ್ರಿಜ್ ಮೇಲೆ ಎಸೆದಳು. ನಾನು ಹುಳಿಗೆ ಒಗ್ಗರಣೆ ಹಾಕ್ತಿದ್ದೆ.

"ವೈನಿ, ಸೋಮವಾರ ಎಲ್ಲಾರ ಮುಂದ ನಿಂತು ನಂದು ತಪ್ಪಾಗೇದ ಅಂತ ಹೇಳ್ಬೇಕಂತ. ಇಲ್ಲಾಂದ್ರ ಕೆಲಸ ಕಾಯಂ ಮಾಡೂದಿಲ್ಲಂತ, ಕನ್ಫರ್ಮೇಶನ್ ಇಲ್ಲಂತ."

(ನನ್ನ ಗಂಡನ ಮನೆಯವರದು ಧಾರವಾಡದ ಕಡೆ. ನಾನು ಹಲಸೂರಲ್ಲಿ ಹುಟ್ಟಿ ಬೆಳೆದವಳು. ಆ ಹುಡುಗಿ 'ವೈನಿ' ಅಂದ್ರೆ ಸಾಕು, ನನಗೆ ಕರುಳು ಚುರ್ ಅನ್ನತ್ತೆ. 'ಅತ್ತಿಗೆ' ಅಂದಿದ್ರೆ ಅನ್ನುತ್ತಿತ್ತೋ ಇಲ್ವೋ.)

"ಏನ್ ತಪ್ಪು ಮಾಡ್ದೆ?"

"ಒಬ್ಬ ಗಿರಾಕಿಗೆ ಸಾರಿ ಅಂದೆ."

"ಅಷ್ಟೇನಾ?"

"ತಪ್ಪು ನಮ್ದದ ಅಂತನೂ ಅಂದೆ."

ಒಗ್ಗರಣೆ ಸೀದು ಹೋಯ್ತು. ಹೋಗ್ಲಿ ಬಿಡಿ, ಅವತ್ತು ನನ್ನ ತಲೆಯೂ ಸೀದಿತ್ತು.

ಸುಮಾಳ ಕಂಪನಿ ಏನು ಮಾರುತ್ತೆ ಗೊತ್ತಾ? ವಿಮಾನ. ಗಾಬರಿಯಾಗಬೇಡಿ, ಕಂಪ್ಯೂಟರ್ ಒಳಗಿನ ವಿಮಾನ. ಫ್ಲೈಟ್ ಸಿಮ್ಯುಲೇಟರ್ ಅಂತ ಒಂದು ಆಟ ಇದೆ. ಕುರ್ಚಿ ಮೇಲೆ ಕೂತು ವಿಮಾನ ಓಡಿಸೋದು. ಆಟದ ಜೊತೆ ಬರೋ ವಿಮಾನಗಳು ಸಾಲದು ಅನ್ನೋರಿಗೆ ಬೇರೆ ಕಂಪನಿಗಳು ಇನ್ನೂ ಅಪ್ಪಟ ವಿಮಾನ ಮಾಡಿ ಮಾರುತ್ತವೆ. ಅದಕ್ಕೆ ಆಡ್-ಆನ್ ಅಂತ ಹೆಸರು. ನಿಜವಾದ ವಿಮಾನದಲ್ಲಿ ಎಷ್ಟು ಸ್ವಿಚ್ಚೋ ಇದರಲ್ಲೂ ಅಷ್ಟೇ ಸ್ವಿಚ್ಚು. ಕೊಳ್ಳೋರು ಹೆಚ್ಚಾಗಿ ಹೊರದೇಶದವರು. ಕೆಟ್ಟರೆ ಅವರು ಬರೆಯೋದು ಸುಮಾಗೆ. ಅವಳು ಕಸ್ಟಮರ್ ಸಪೋರ್ಟ್.

ಯಾರಪ್ಪಾ ಇದನ್ನ ಆಡ್ತಾರೆ ಅಂತೀರಾ? ನನ್ನ ಗಂಡ ಆಡ್ತಾರೆ.

ಇವರು ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ. ಭಾನುವಾರ ಬಂತೆಂದರೆ ಬನಿಯನ್ ಹಾಕ್ಕೊಂಡು ಬೆಡ್‌ರೂಮಿನ ಮೂಲೆಯಲ್ಲಿ ಪೈಲಟ್. ಊಟಕ್ಕೆ ಕರೆದರೆ "ತಡಿ, ಇಳಸ್ಲಿಕತ್ತೀನಿ" ಅಂತಾರೆ. ನಮ್ಮ ತಲೆ ಮೇಲೆ ನಿಜವಾದ ವಿಮಾನ ಏರ್‌ಪೋರ್ಟ್ ರೋಡ್ ಕಡೆ ಇಳೀತಾ ಇರುತ್ತೆ. ಕಿಟಕಿ ಗಾಜು ಗಡಗಡ ಅನ್ನತ್ತೆ, ಫೋನಲ್ಲಿ ಮಾತಾಡ್ತಿರೋರು ಬಾಯಿ ಮುಚ್ಚಿ ಕಾಯ್ತೀವಿ. ಆ ಪೈಲಟ್‌ಗೂ ಇಷ್ಟು ಬಿಗುಮಾನ ಇರಲ್ಲ.

ಸುಮಾ ಕೆಲಸಕ್ಕೆ ಸೇರಿದ್ದೇ ತಡ, ಅಣ್ಣನನ್ನ ಬೀಟಾ ಟೆಸ್ಟರ್ ಮಾಡಿಸಿದಳು. ಬೀಟಾ ಟೆಸ್ಟಿಂಗ್ ಅಂದರೆ ಮಾರೋ ಮುಂಚೆ ಹೊರಗಿನವರಿಂದ ಓಡಿಸಿ ನೋಡಿಸೋದು. ಬಡಿಸೋ ಮುಂಚೆ ಉಪ್ಪು ನೋಡಿದ ಹಾಗೆ. ಸಂಬಳ ಇಲ್ಲ. ಪುಕ್ಕಟೆ ಒಂದು ವಿಮಾನ ಕೊಡ್ತಾರೆ. ಇವರಿಗೆ ಅಷ್ಟೇ ಸಾಕಾಯ್ತು, ಆಫೀಸಲ್ಲಿ ಪ್ರಮೋಷನ್ ಬಂದಾಗಲೂ ಅಷ್ಟು ಹಿಗ್ಗಿರಲಿಲ್ಲ.

ಮೊದಲನೇ ಭಾನುವಾರ ಬೆಂಗಳೂರಿಂದ ಮುಂಬೈಗೆ ಹೊರಟರು. ಮುಂಬೈ ಬಂತು. ಚಕ್ರ ಇಳಿಸೋ ಲಿವರ್ ಒತ್ತಿದರು. ಚಕ್ರ ಇಳೀಲಿಲ್ಲ. ಮತ್ತೆ ಒತ್ತಿದರು. ಊಹೂಂ. ಹೊಟ್ಟೆ ಮೇಲೆ ಉಜ್ಜಿಕೊಂಡು ಹೋಗಿ ವಿಮಾನ ಪುಡಿಪುಡಿ.

"ಚಕ್ರನ ಇಳೀಲಿಲ್ಲ!" ಅಂತ ಹೊರಗೆ ಬಂದವರ ಮುಖ ನೋಡಬೇಕಿತ್ತು. ನಿಜವಾಗಿ ಜನ ಸತ್ತಂಗೆ. ಬಿಸಿಬೇಳೆಬಾತ್ ತಟ್ಟೇಲೇ ಆರಿತು.

ಮುಂದಿನ ವಾರ ಮತ್ತೆ ಹಾರಿಸಿದರು. ಮತ್ತೆ ಅದೇ. ಸ್ವಲ್ಪ ದೂರ ಹೋಗಿ ಬಂದರೆ ಚಕ್ರ ಇಳಿಯುತ್ತೆ, ಗಂಟೆ ಮೀರಿ ಹಾರಿದರೆ ಇಳಿಯಲ್ಲ. ಇವರು ಕೂತು ಒಂದೊಂದನ್ನೂ ವಿವರಿಸಿ ಕಂಪನಿಗೆ ಬರೆದರು. ಬಂದ ಉತ್ತರ ಏನು? 'ನಮ್ಮಲ್ಲಿ ಹಾಗೆ ಆಗುತ್ತಿಲ್ಲ. ನಿಮ್ಮ ಕಂಪ್ಯೂಟರ್ ಹಳೆಯದಿರಬೇಕು.'

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲವೂ ನಮ್ಮದೇ ನೋಡಿ.

ಅವರಲ್ಲಿ ಯಾಕೆ ಹಾಗಾಗ್ತಿಲ್ಲ? ಸುಮಾ ಹೇಳಿದಾಗ ನಾನು ಹಣೆ ಹಣೆ ಚಚ್ಚಿಕೊಂಡೆ. ಆಫೀಸಲ್ಲಿ ಯಾರೂ ಪೂರ್ತಿ ದಾರಿ ಹಾರಿಸೋದೇ ಇಲ್ಲವಂತೆ! ಏರಿಸೋದು ನೋಡಬೇಕಾ? ರನ್‌ವೇ ಮೇಲೆ ಇಟ್ಟು ಏರಿಸಿ, ನಿಲ್ಲಿಸಿಬಿಡ್ತಾರೆ. ಇಳಿಸೋದು ನೋಡಬೇಕಾ? ವಿಮಾನವನ್ನ ತಂದು ರನ್‌ವೇ ಹತ್ತಿರ ಆಕಾಶದಲ್ಲೇ ಇಟ್ಟು, ಅಲ್ಲಿಂದ ಇಳಿಸ್ತಾರೆ. ಹೊರಗಿನ ಟೆಸ್ಟರ್‌ಗಳೂ ಅಷ್ಟೇ. ನಡುವಿನ ದಾರಿ ಯಾರಿಗೆ ಬೇಕು? ಬರೀ ಮೋಡ. ಕೂತು ಕೂತು ಬೇಜಾರು. ಹೊರಟ ವಿಮಾನವೇ ಹೋಗಿ ಇಳಿಯಬೇಕು ಅನ್ನೋದು ಒಬ್ಬರಿಗೂ ಹೊಳೆದಿಲ್ಲ.

ಇದೇನು ಅವರೊಬ್ಬರ ರೋಗವಾ? ನಮ್ಮ ಕಡೆ ಮೇಲ್ಸೇತುವೆ ಕಟ್ಟಿಲ್ವಾ? ಹತ್ತೋದು ಸಲೀಸು. ಇಳಿಯೋ ಕಡೆ ನೋಡಿದರೆ ಎದುರಿಗೇ ಸಿಗ್ನಲ್, ವಾಹನದ ಸಾಲು ಮತ್ತೆ ಮೇಲಕ್ಕೇ ಹತ್ತಿ ನಿಂತಿರುತ್ತೆ. ಟೇಪ್ ಕತ್ತರಿಸಿದವರು ಹತ್ತಿದ್ದನ್ನ ಮಾತ್ರ ನೋಡಿದ್ದಾರೆ. ಈ ಊರಲ್ಲಿ ಶುರು ಮಾಡೋರಿಗೆ ಹಾರ, ಮುಗಿಸೋರಿಗೆ ಬೈಗುಳ.

ಆಯ್ತು. ಬಿಡುಗಡೆ ತಾರೀಖು ಮೊದಲೇ ಸಾರಿಬಿಟ್ಟಿದ್ದರಲ್ಲ, ವಿಮಾನ ಮಾರಾಟಕ್ಕೆ ಬಂತು. ಕೊಂಡವರು ಪಾಪ, ಪೂರ್ತಿ ದಾರಿ ಹಾರಿಸೋ ಜನ. ಆಸೆಯಿಂದ ಕೊಂಡವರು ಇನ್ನೇನು ಮಾಡ್ತಾರೆ? ಎಲ್ಲರ ವಿಮಾನವೂ ಹೊಟ್ಟೆ ಮೇಲೇ ಇಳೀತು. ದೂರಿನ ಮೇಲೆ ದೂರು.

ಸುಮಾಗೆ ಉತ್ತರಗಳು ರೆಡಿ ಕೊಟ್ಟಿದ್ದರು. ಮೊದಲು ವಿಮಾನವನ್ನ ಕಂಪ್ಯೂಟರಿಂದ ತೆಗೆದು ಮತ್ತೆ ಹಾಕಿ ಅನ್ನು. ಆಗಲಿಲ್ವಾ? ಕಂಪ್ಯೂಟರನ್ನೇ ಫಾರ್ಮ್ಯಾಟ್ ಮಾಡಿ, ಅಂದರೆ ಒಳಗಿರೋದನ್ನೆಲ್ಲಾ ಅಳಿಸಿ, ಮೊದಲಿಂದ ಶುರು ಮಾಡಿ ಅನ್ನು. 'ನಿಮಗಾದ ಅನಾನುಕೂಲಕ್ಕೆ ಸಾರಿ' ಅಂತ ಕೊನೆಗೆ ಸೇರಿಸು. ಅನಾನುಕೂಲಕ್ಕೆ ಎಷ್ಟು ಸಾರಿ ಬೇಕಾದರೂ ಹೇಳಬಹುದು. ತಪ್ಪಿಗೆ ಮಾತ್ರ ಹೇಳೋ ಹಾಗಿಲ್ಲ. ಅದು ರೂಲು.

ಹಾಗಿರುವಾಗ ಯಾವುದೋ ದೇಶದ ಒಬ್ಬ ಅಜ್ಜ ಬರೆದ. ನೀವು ಹೇಳಿದಂತೆ ಮತ್ತೆ ಮತ್ತೆ ಹಾಕಿ ನೋಡಿದೆ, ಆಗಲಿಲ್ಲ. ನಾಳೆ ಫಾರ್ಮ್ಯಾಟ್ ಮಾಡುತ್ತೇನೆ. ತೀರಿಕೊಂಡ ನನ್ನ ಹೆಂಡತಿಯ ಫೋಟೋಗಳೆಲ್ಲಾ ಇದರಲ್ಲೇ ಇವೆ, ಬೇರೆ ಕಡೆ ಇಟ್ಟುಕೊಳ್ಳೋದು ನನಗೆ ಬರುವುದಿಲ್ಲ, ಬೇರೆ ದಾರಿ ಇಲ್ಲವೇ ಮಗಳೇ?

ನೀವಾಗಿದ್ದರೆ ಏನು ಬರೀತಿದ್ದಿರಿ?

ಸುಮಾ ಬರೆದಳು. ದಯವಿಟ್ಟು ಏನನ್ನೂ ಅಳಿಸಬೇಡಿ. ನಿಮ್ಮ ಕಂಪ್ಯೂಟರ್ ಸರಿಯಾಗಿದೆ. ತಪ್ಪು ನಮ್ಮದು, ನಮ್ಮ ಅಣ್ಣನ ವಿಮಾನದಲ್ಲೂ ಚಕ್ರ ಇಳಿಯಲ್ಲ. ಸಾರಿ.

ಅಜ್ಜನಿಗೆ ಎಷ್ಟು ಖುಷಿಯಾಯಿತೆಂದರೆ, ಕಂಪನಿಯ ವೆಬ್‌ಸೈಟಿನಲ್ಲಿ ಗಿರಾಕಿಗಳೆಲ್ಲಾ ಸೇರಿ ಹರಟೋ ಫೋರಂನಲ್ಲಿ ಆ ಉತ್ತರವನ್ನ ಹಾಕಿ, 'ಸುಮಾ ಅನ್ನುವ ಹುಡುಗಿಗೆ ಥ್ಯಾಂಕ್ಸ್' ಅಂದ. ಮುಗೀತು. ಮಿಕ್ಕವರೆಲ್ಲಾ ಎದ್ದರು. ಹಾಗಾದ್ರೆ ನಿಮಗೆ ಮೊದಲೇ ಗೊತ್ತಿತ್ತಾ? ನಮಗೆ ಯಾಕೆ ಫಾರ್ಮ್ಯಾಟ್ ಮಾಡಿಸಿದಿರಿ?

ಸತ್ಯಕ್ಕೆ ಸಾವಿಲ್ಲ ಅಂತಾರೆ. ಕನ್ಫರ್ಮೇಶನ್ನೂ ಇಲ್ಲ ನೋಡಿ.

ಶನಿವಾರ ಬೆಳಗ್ಗೆ ಮನೆ ಫೋನು ಹೊಡೆದುಕೊಂಡಿತು. ಸುಮಾಳ ಟೀಮ್ ಲೀಡರ್ ಕಿರಣ್. ಅವಳು ತಲೆ ಸ್ನಾನಕ್ಕೆ ಹೋಗಿದ್ದಳು, ಸಿಕ್ಕಿದವಳು ನಾನು.

"ಮೇಡಂ, ಸುಮಾಗೆ ಸ್ವಲ್ಪ ಬುದ್ಧಿ ಹೇಳಿ. ಎರಡು ನಿಮಿಷದ ಕೆಲಸ. ಸಾರಿ ಅಂದ್ಬಿಟ್ರೆ ಮುಗೀತು."

"ಚಕ್ರ ಇಳಿಯುತ್ತೇನ್ರೀ?"

"ಅದು ಬೇರೆ ವಿಷಯ ಮೇಡಂ. ಆಕ್ಚುಲಿ ನಿಮ್ಮ ಹಸ್ಬೆಂಡ್ ಸಿಸ್ಟಮ್ಮೇ ಪ್ರಾಬ್ಲಮ್ ಇರುತ್ತೆ. ನಮ್ಮಲ್ಲಿ ಪರ್ಫೆಕ್ಟ್ ಆಗಿ ಲ್ಯಾಂಡ್ ಆಗುತ್ತೆ."

ನನಗೆ ಎಲ್ಲಿತ್ತೋ ಕೋಪ. "ನಾಳೆ ನಮ್ಮನೆಗೆ ಊಟಕ್ಕೆ ಬನ್ನಿ. ನಿಮ್ಮದೇ ಲ್ಯಾಪ್‌ಟಾಪ್ ತನ್ನಿ. ಬೆಂಗಳೂರಿಂದ ಮುಂಬೈಗೆ ಹಾರಿಸಿ ತೋರಿಸಿ. ಇಳಿದರೆ ಸುಮಾ ಏನು, ನಾನೇ ಬಂದು ನಿಮ್ಮ ಆಫೀಸಲ್ಲಿ ಕ್ಷಮೆ ಕೇಳ್ತೀನಿ" ಅಂದುಬಿಟ್ಟೆ.

ಪುಣ್ಯಾತ್ಮ ಬಂದೇಬಿಟ್ಟ! ಕಲ್ಯಾಣ ನಗರದಿಂದ ಬೈಕಿನಲ್ಲಿ, ಲ್ಯಾಪ್‌ಟಾಪ್ ಬ್ಯಾಗು ಬೆನ್ನಿಗೆ ಹಾಕ್ಕೊಂಡು. ವಯಸ್ಸು ಮೂವತ್ತೂ ಇರಲಿಕ್ಕಿಲ್ಲ. ಕಾಲು ತೊಳೆದುಕೊಂಡು ಒಳಗೆ ಬಂದ. ಒಳ್ಳೆ ಮನೆಯ ಹುಡುಗನೇ. ಅದೇ ಇನ್ನೂ ಹೊಟ್ಟೆ ಉರಿಯೋದು.

ವಿಮಾನ ಹೊರಟಿತು. ಐದು ನಿಮಿಷಕ್ಕೇ ಕಿರಣ್ ಕೀಬೋರ್ಡಿಗೆ ಕೈ ಹಾಕಿ, "ಸ್ಪೀಡಾಗಿ ಓಡಿಸಿಬಿಡೋಣ ಸರ್" ಅಂದ.

"ಹಂಗಿಲ್ರಿ. ಪೂರ್ತಿ ಹೋಗೋಣ" ಅಂದರು ಇವರು.

ಹೋದರು. ಊಟ ಆಯ್ತು. ಸಾರು ಚೆನ್ನಾಗಿದೆ ಅಂತ ಎರಡನೇ ಸಲ ಹಾಕಿಸಿಕೊಂಡ. ಹಪ್ಪಳ ತಿಂದ. ಮಜ್ಜಿಗೆ ಕುಡಿದ. ವಿಮಾನ ಇನ್ನೂ ಮೋಡದ ಮೇಲೇ. "ಅಬ್ಬಾ, ಇಷ್ಟು ಹೊತ್ತು ಯಾವತ್ತೂ ಕೂತಿಲ್ಲ" ಅಂತ ಮೈ ಮುರಿದ. ಮಾಡಿದ ಕಂಪನಿಯವನು! ತಾನು ಮಾಡಿದ ಸಾರಿನ ರುಚಿ ನೋಡದವನು ಇನ್ನೊಬ್ಬರ ಮನೆ ಸಾರು ಹೊಗಳ್ತಾನೆ. (ಕರೆಂಟ್ ಮಾತ್ರ ಅವತ್ತು ಹೋಗಲಿಲ್ಲ. ದೇವರು ದೊಡ್ಡವನು.)

ಮುಂಬೈ ಕಾಣಿಸಿತು. ಸುಮಾ ಬಾಗಿಲಿಗೆ ಒರಗಿ ನಿಂತಿದ್ದಳು. ಕಿರಣ್ ಲಿವರ್ ಒತ್ತಿದ. ಏನೂ ಆಗಲಿಲ್ಲ. ಇನ್ನೊಂದು ಸಲ ಒತ್ತಿದ. ಆಮೇಲೆ ಟಪಟಪ ಅಂತ ಒತ್ತುತ್ತಲೇ ಇದ್ದ. ಪರದೆ ಮೇಲೆ ವಿಮಾನ ಕಿಡಿ ಹಾರಿಸುತ್ತಾ ಉಜ್ಜಿಕೊಂಡು ಹೋಗಿ ನಿಂತಿತು.

ನಾನು ಸುಮ್ಮನಿರೋಳಾ?

"ಈಗ ಹೇಳಪ್ಪಾ. ಯಾರ ಕಂಪ್ಯೂಟರ್ ಹಳೇದು?"

"ಇಲ್ಲ ಮೇಡಂ. ಸಾಫ್ಟ್‌ವೇರಲ್ಲೇ ಬಗ್ ಇದೆ. ಒಪ್ಕೋತೀನಿ."

"ಹಾಗಾದ್ರೆ ಸುಮಾ ಬರೆದಿದ್ದು ಸರಿ."

ಕಿರಣ್ ಲ್ಯಾಪ್‌ಟಾಪ್ ಮುಚ್ಚಿದ. "ಬಗ್ ಬೇರೆ, ಪ್ರೊಸೀಜರ್ ಬೇರೆ ಮೇಡಂ. ತಪ್ಪು ನಮ್ದು ಅಂತ ಬರೆಯೋ ಹಾಗಿಲ್ಲ. ನನ್ನ ಮೇಲೂ ಜನ ಇದ್ದಾರೆ. ನಾಳೆ ಅವಳು ಸಾರಿ ಕೇಳಲೇಬೇಕು."

ನನ್ನ ಕೈಲಿ ಅವನಿಗೆಂದು ತಂದಿದ್ದ ಕಾಫಿ ಇತ್ತು. ವಾಪಸ್ ಒಳಗೆ ತಗೊಂಡು ಹೋದೆ. ಮನೆಗೆ ಬಂದವರಿಗೆ ಹಾಗೆ ಮಾಡಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಬೇಜಾರೇನೂ ಇಲ್ಲ.

ಕಣ್ಣಾರೆ ನೋಡಿದ ಮೇಲೂ ಬಾಯಲ್ಲಿ ಬರಲ್ಲ ಅಂದರೆ ಅದೆಂಥ ಬಾಯಿ? ಫೋನ್ ಡೆಡ್ ಆದರೆ 'ನಿಮ್ಮ ಇನ್‌ಸ್ಟ್ರುಮೆಂಟ್ ಸರಿಯಿಲ್ಲ'. ಮಿಕ್ಸಿ ಸುಟ್ಟರೆ 'ನೀವು ಜಾಸ್ತಿ ಹೊತ್ತು ರುಬ್ಬಿದ್ದೀರಿ'. ಚಪ್ಪಲಿ ಕಿತ್ತರೆ 'ನೀವು ನಡೆಯೋದೇ ಹಾಗೆ'. ನಾವೋ, ಹೌದೇನೋ ಅಂತ ನಮ್ಮ ಕಾಲನ್ನೇ ನೋಡ್ಕೋತೀವಿ. ದುಡ್ಡು ಕೊಟ್ಟವರೇ ತಪ್ಪಿತಸ್ಥರಾಗೋ ಈ ವ್ಯವಹಾರ ಯಾವಾಗ ಶುರುವಾಯ್ತು?

"ಹೋಗ್ಲಿ ಬಿಡು, ಕೆಲಸ ಮುಖ್ಯ. ಒಂದ್ ಮಾತು ಅಂದ್ಬಿಡು" ಅಂದರು ಇವರು ಸಂಜೆ ತಂಗಿಗೆ. ಅವರೆಕಾಯಿ ಸುಲೀತಾ ಇದ್ದ ಸುಮಾ ನನಗೆ ಮಾತ್ರ ಕೇಳೋ ಹಾಗೆ ಅಂದಳು. "ಆ ಅಜ್ಜಂದು ಉಳೀತು ವೈನಿ. ಅದಕ್ಕೂ ಮೊದ್ಲು ಎಷ್ಟ್ ಮಂದಿಗೆ ನಾನ ಅಳಸ್ರಿ ಅಂತ ಬರದೀನಿ. ಅವರ್ದೆಲ್ಲಾ ಏನೇನ್ ಹೋತೋ."

ಇಷ್ಟು ಹೊತ್ತು ನಾನು ಕೂಗಾಡ್ತಿದ್ದದ್ದು ಅವಳ ಕೆಲಸಕ್ಕೆ. ಅವಳಿಗೆ ನೋಯ್ತಿದ್ದದ್ದು ಬೇರೆ ಕಡೆ.

ಸೋಮವಾರ ಮೀಟಿಂಗ್ ರೂಮಿನಲ್ಲಿ ಎಲ್ಲರೂ ಸೇರಿದರಂತೆ. ಕಿರಣ್ ತಲೆ ತಗ್ಗಿಸಿಕೊಂಡು ಕೂತಿದ್ದನಂತೆ. ಸುಮಾ ಎದ್ದು ನಿಂತು ಹೇಳಿದಳಂತೆ: "ನನ್ನಿಂದ ತಪ್ಪಾಗಿದೆ. ಒಬ್ಬರಿಗೆ ಮಾತ್ರ ನಿಜ ಹೇಳಿದೆ. ಎಲ್ಲರಿಗೂ ಹೇಳಬೇಕಿತ್ತು. ಅದಕ್ಕೆ ಸಾರಿ."

ಮಧ್ಯಾಹ್ನದೊಳಗೆ ಮನೆಗೆ ಬಂದಳು. ಈ ಸಲ ಕೊರಳಲ್ಲಿ ಐಡಿ ಕಾರ್ಡ್ ಇರಲಿಲ್ಲ. ಅಲ್ಲೇ ಇಸ್ಕೊಂಡಿದ್ದರು.

ಆ ವಾರವೇ ಕಂಪನಿ ವಿಮಾನ ಸರಿ ಮಾಡಿತು. ಎಲ್ಲರೂ ಹೊಸದನ್ನ ಹಾಕ್ಕೊಳ್ಳಿ, 'ಲ್ಯಾಂಡಿಂಗ್ ಅನುಭವ ಇನ್ನಷ್ಟು ಉತ್ತಮಗೊಂಡಿದೆ' ಅಂತ ಪ್ರಕಟಣೆ. ಇನ್ನಷ್ಟು ಉತ್ತಮ! ನಾಚಿಕೆ ಅನ್ನೋದನ್ನೂ ಫಾರ್ಮ್ಯಾಟ್ ಮಾಡಿದ್ದಾರೆ. ಇವರು ಆ ವಿಮಾನವನ್ನ ಕಂಪ್ಯೂಟರಿಂದಲೇ ಕಿತ್ತು ಹಾಕಿದರು. ಭಾನುವಾರ ಈಗ ನಮ್ಮನೇಲಿ ಊಟ ಬಿಸಿಬಿಸಿ.

ಮೊನ್ನೆ ಸುಮಾ ಫೋರಂ ತೆಗೆದು ತೋರಿಸಿದಳು. ಅಜ್ಜ ಮತ್ತೆ ಬರೆದಿದ್ದಾನೆ. ಚಕ್ರ ಇಳಿಯಿತು, ಮೊದಲು ಸುಮಾಗೆ ಹೇಳಬೇಕು, ಆ ಹುಡುಗಿ ಎಲ್ಲಿ?

ಕೆಳಗೆ ಕಂಪನಿಯ ಉತ್ತರ: 'ನಿಮಗಾದ ಅನಾನುಕೂಲಕ್ಕೆ ಸಾರಿ.'