ತಿರುಗದ ಸೊಂಟ

ನಾನು ನಿಂತಿದ್ದು ನನ್ನ ಆಟದ ಜೊತೆಗಾರರ ಬಲಗಡೆ, ಬಾಲ್ ಹಾರಬೇಕಾದ ದಿಕ್ಕಿಗೆ ನೇರ ಹಿಂದೆ, ಬೀಸುವ ಕೋಲು, ಅಂದರೆ ಕ್ಲಬ್, ತಾಗದಷ್ಟು ದೂರದಲ್ಲಿ. ಮಳೆ ನಿಂತ ಮೇಲೆ ನಾವು ಗಾಲ್ಫ್ ಮೈದಾನಕ್ಕೆ ಹೋದ ಮೊದಲ ಶನಿವಾರ ಅದು. ಬೆಳಿಗ್ಗೆ ಒಂಬತ್ತು ದಾಟಿತ್ತು. ಬಿಸಿಲಿಗೆ ಹುಲ್ಲು ಪೂರ್ತಿ ಒಣಗಿತ್ತು. ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಉಂಟು.

ಅವರು ದೇರೆಬೈಲಿನವರು, ನಿವೃತ್ತ ಕಾಲೇಜು ಅಧ್ಯಾಪಕರು. ನಾನು ಬಿಜೈಯಲ್ಲಿ ಒಬ್ಬನೇ ಇರುವವನು. ತುಳುವರು ಕ್ರೈಸ್ತ ಹಿರಿಯರನ್ನು ಕರೆಯುವ ಹಾಗೆ ನಾನವರನ್ನು ಪೊರ್ಬುಗಳೇ ಎನ್ನುತ್ತಿದ್ದೆ. ನಮಗೆ ಆಟ ಕಲಿಸುವವರು ಯಾರೂ ಇರಲಿಲ್ಲ. ತನ್ನ ಸ್ವಿಂಗ್, ಅಂದರೆ ಕ್ಲಬ್ ಬೀಸುವ ರೀತಿ, ತನಗೆ ಕಾಣುವುದಿಲ್ಲ. ಆದ್ದರಿಂದ ಒಬ್ಬರು ಹೊಡೆಯುವಾಗ ಇನ್ನೊಬ್ಬರು ಹಿಂದೆ ನಿಂತು ನೋಡುವುದು, ಕಂಡದ್ದನ್ನು ಹಾಗೆಯೇ ಹೇಳುವುದು ನಮ್ಮ ರೂಢಿ. ಇಡೀ ವಾರದಲ್ಲಿ ನಾನು ಆಡುತ್ತಿದ್ದ ಮಾತುಗಳಲ್ಲಿ ಹೆಚ್ಚಿನವು ಅವೇ.

ನೋಡಬೇಕಾದ್ದು ಬೆಲ್ಟಿನ ಬಕಲನ್ನು. ಕ್ಲಬ್ಬನ್ನು ಹಿಂದಕ್ಕೆ ಎತ್ತುವಾಗ ಭುಜದ ಜೊತೆ ಸೊಂಟವೂ ತಿರುಗಬೇಕು; ತಿರುಗಿದರೆ ಬಕಲ್ ನನ್ನ ಕಡೆಗೆ ಬರುತ್ತದೆ. ಎಡ ಹಿಮ್ಮಡಿ ಸ್ವಲ್ಪ ಎದ್ದರೂ ತೊಂದರೆಯಿಲ್ಲ. ಸೊಂಟ ನಿಂತು ಭುಜ ಮಾತ್ರ ತಿರುಗಿದರೆ ಆ ತಿರುಚನ್ನೆಲ್ಲ ಬೆನ್ನಿನ ಕೆಳಭಾಗವೇ ಹೊರಬೇಕು.

ಆ ದಿನ ಬಕಲ್ ಬರಲಿಲ್ಲ. ಎರಡೂ ಹಿಮ್ಮಡಿಗಳು ನೆಲಕ್ಕೆ ಅಂಟಿದ್ದವು. ಭುಜ ತಿರುಗಿತು, ಇನ್ನೂ ತಿರುಗಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಕ್ಲಬ್ ಇಳಿದಾಗಿತ್ತು. ಬಾಲ್ ನೇರವಾಗಿ, ದೂರ ಹೋಯಿತು. ಅವರು ಅದನ್ನು ನೋಡಲಿಲ್ಲ. ಕ್ಲಬ್ಬನ್ನು ನೆಲಕ್ಕೆ ಊರಿ, ಎರಡೂ ಕೈಯಲ್ಲಿ ಹಿಡಿದು, ನಿಧಾನವಾಗಿ ಮಂಡಿಯೂರಿದರು.

"ಎಂತ ಆಯ್ತು ಪೊರ್ಬುಗಳೇ?"

"ಎಂತ ಇಲ್ಲ ಮಾರಾಯ್ರೇ, ಪ್ರಾರ್ಥನೆ. ಬಾಲ್ ಎಲ್ಲಿಗೆ ಹೋಯ್ತು?"

"ನೇರ ಹೋಗಿದೆ."

"ಹಾಗಾದ್ರೆ ದೇವರು ಕೇಳಿದ." ನಗಲು ಹೋದರು. ಉಸಿರು ಅರ್ಧಕ್ಕೆ ನಿಂತಿತು.

ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟೆ. ಬಿಕರ್ನಕಟ್ಟೆ ದಾಟುವಾಗ ಅವರು ಹೇಳಿದರು: "ಕಾಲು ಜಾರಿತು ಅಂತ ಹೇಳಿ, ಆಯ್ತಾ? ಜಾರಿದ್ದಾದ್ರೆ ಸ್ವಲ್ಪ ದಿನ ಮಲಗಿಸಿ ಬಿಡ್ತಾರೆ. ಹೊಡೆಯುವಾಗ ಆದದ್ದು ಅಂದ್ರೆ ಆಟವೇ ಬೇಡ ಅಂತಾರೆ."

"ನೀವು ಜಾರ್ಲಿಲ್ಲ."

"ಅದು ನಂಗೂ ಗೊತ್ತುಂಟು. ನಿಮ್ಗೆಂತ, ಕೋರ್ಟಿನಲ್ಲಿ ಸಾಕ್ಷಿ ಹೇಳ್ಲಿಕ್ಕೆ ಉಂಟಾ?"

ಅವರ ಮನೆಯ ಕಾರು ನಿಲ್ಲಿಸುವ ಜಾಗ ನನ್ನ ನೆನಪಿಗೆ ಬರುತ್ತಿತ್ತು. ಮಳೆಗಾಲವಿಡೀ ಅವರು ಅಭ್ಯಾಸ ಮಾಡಿದ್ದು ಅಲ್ಲಿ. ನುಣುಪಾದ ಟೈಲ್ಸ್, ಎರಚಲಿಗೆ ಸದಾ ಒದ್ದೆ. ಜಾರಬಾರದೆಂದು ಕಾಲು ಬಿಗಿಹಿಡಿದು, ಸೊಂಟ ಅಲ್ಲಾಡಿಸದೆ, ಮೈಯ ಮೇಲ್ಭಾಗವನ್ನಷ್ಟೇ ತಿರುಗಿಸಿ ಬೀಸುತ್ತಿದ್ದರು. ಒಂದು ಸಂಜೆ ಕಾಫಿ ಕುಡಿಯುತ್ತ ಅದನ್ನು ನೋಡಿದ್ದೆ. ಬಾಲ್ ಇಲ್ಲದ ಆ ನಿಧಾನದ ಬೀಸಿನಲ್ಲಿ ಬೆನ್ನಿಗೆ ಏನೂ ಆಗಿರಲಿಲ್ಲ. ಆದರೆ ಒಣ ಹುಲ್ಲಿನ ಮೇಲೆ ನಿಂತಾಗಲೂ ಅವರ ಕಾಲುಗಳು ಆ ಟೈಲ್ಸಿನ ಮೇಲೆಯೇ ಇದ್ದವು.

ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಯವಳು ನನ್ನನ್ನೇ ಕೇಳಿದಳು. "ಅಂಕಲ್, ಬಿದ್ದದ್ದಾ, ತಿರುಗುವಾಗ ಆದದ್ದಾ?"

ಅವರು ಮಂಚದಿಂದ ನನ್ನನ್ನೇ ನೋಡುತ್ತಿದ್ದರು. ಕಂಡದ್ದನ್ನು ಕಂಡ ಹಾಗೆ ಹೇಳಿದೆ: ಬಕಲ್, ಹಿಮ್ಮಡಿ, ಮಳೆಗಾಲದ ಟೈಲ್ಸ್. ಸೊಂಟ ಮತ್ತೆ ತಿರುಗಲು ಕಲಿಯುವವರೆಗೆ ಕ್ಲಬ್ ಮುಟ್ಟಬಾರದು, ಹೀಗೆಯೇ ಹೊಡೆದರೆ ಮುಂದೆ ನಡೆಯುವುದೂ ಕಷ್ಟವಾದೀತು ಎಂದಳು.

"ಎಷ್ಟು ಸಮಯ?" ಅವರು ಕೇಳಿದರು.

"ಹೇಳ್ಲಿಕ್ಕಾಗುದಿಲ್ಲ ಸರ್."

ಅವರು ಮುಖವನ್ನಷ್ಟೇ ಗೋಡೆಯ ಕಡೆ ತಿರುಗಿಸಿದರು.

ಆಮೇಲೆ ಅವರು ನನ್ನ ಫೋನ್ ಎತ್ತಿಲ್ಲ. ಎರಡು ಸಲ ಮನೆಗೆ ಹೋದೆ. "ಮಲಗಿದ್ದಾರೆ" ಎಂದು ಅವರ ಹೆಂಡತಿ ಬಾಗಿಲಲ್ಲೇ ಹೇಳಿದರು. ಒಳಗೆ ಟಿವಿಯಲ್ಲಿ ಯಾವುದೋ ಗಾಲ್ಫ್ ಪಂದ್ಯ. ಮೆಲ್ಲಗೆ ಚಪ್ಪಾಳೆ ಕೇಳುತ್ತಿತ್ತು.

ಶನಿವಾರ ಈಗ ಒಬ್ಬನೇ ಹೋಗುತ್ತೇನೆ. ಫೋನನ್ನು ಚೀಲಕ್ಕೆ ಒರಗಿಸಿ ವೀಡಿಯೋ ಮಾಡಿ ನೋಡಿದೆ. ನನ್ನ ಸೊಂಟ ತಿರುಗುತ್ತದೆ. ಅದನ್ನು ಹೇಳುವವರಿಲ್ಲ.

ಆ ದಿನ ಪೊರ್ಬುಗಳು ಜಾರಲಿಲ್ಲ ಎಂಬುದನ್ನು ಕಂಡವರು ಇನ್ನಿಬ್ಬರಿದ್ದರು. ಪಕ್ಕದಲ್ಲಿ ಸರದಿಗೆ ಕಾಯುತ್ತಿದ್ದ ಹಿರಿಯ ಆಟಗಾರರೊಬ್ಬರು ಈಚೆಗೆ ತೀರಿಕೊಂಡರು. ಹುಲ್ಲು ಕತ್ತರಿಸುವ ಯಂತ್ರ ನಿಲ್ಲಿಸಿ ಓಡಿ ಬಂದು, ಪೊರ್ಬುಗಳನ್ನು ಎಬ್ಬಿಸಲು ನನ್ನ ಜೊತೆ ಹಿಡಿದ ಹೆಂಗಸು ಇದ್ದಾರೆ; ಈಗಲೂ ಅದೇ ಮೈದಾನದಲ್ಲಿ ಕೆಲಸ ಮಾಡುತ್ತಾರೆ. ನನ್ನ ಮಾತು ನಂಬದವರು ಅವರನ್ನು ಕೇಳಬಹುದು.